ಶೇವಂತಕ್ಕನ ಬಲಗೈ

ಊರಿ ನಡೆಯುವ ಆ ಬಡಿಗೆಯನ್ನು ಗೂಟಕ್ಕೆ ತೂಗುಹಾಕಿದವಳು ತಾರವ್ವನೇ. ಗೋಡೆಯಲ್ಲಿ ಎರಡು ಗೂಟಗಳಿದ್ದವು. ಒಂದು ಹಾಸಿಗೆಯ ಪಕ್ಕದಲ್ಲಿ, ಕುಳಿತಲ್ಲಿಂದಲೇ ಕೈಗೆ ಸಿಗುವಂತಿತ್ತು. ಇನ್ನೊಂದು ಬಾಗಿಲ ಮೇಲೆ, ಶೇವಂತಕ್ಕನ ಗಂಡ ಬದುಕಿದ್ದಾಗ ಕೊಡೆ ಹಾಕುತ್ತಿದ್ದ ಗೂಟ. ತಾರವ್ವ ಬಡಿಗೆಯನ್ನು ಬಾಗಿಲ ಮೇಲಿನ ಗೂಟಕ್ಕೆ ಹಾಕಿದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಅವಳೂ ತನ್ನನ್ನು ಕೇಳಿಕೊಳ್ಳಲಿಲ್ಲ. ಸಣ್ಣ ಮಕ್ಕಳು ಎಳೆದಾಡಬಾರದು ನೋಡ್ರಿ ಎಂದು ಬಾಯಿಂದ ಅಂದಳು. ಆ ಮನೆಯಲ್ಲಿ ಸಣ್ಣ ಮಕ್ಕಳೇ ಇರಲಿಲ್ಲ.

ಶೇವಂತಕ್ಕ ಬನಹಟ್ಟಿಯ ನೇಕಾರರ ಓಣಿಯವಳು. ಸಣ್ಣವಳಿದ್ದಾಗಿನಿಂದ ಕಂಡಿಕೆ ಸುತ್ತಿದವಳು. ಮಗ್ಗದ ಲಾಳಿಯೊಳಗೆ ಕೂಡಿಸುವ, ನೂಲು ಸುತ್ತಿದ ಸಣ್ಣ ಕೊಳವೆಗೆ ಕಂಡಿಕೆ ಎನ್ನುತ್ತಾರೆ. ಎಡಗೈಯಲ್ಲಿ ನೂಲು ಹಿಡಿದು ಬಲಗೈಯಿಂದ ರಾಟಿ ತಿರುವಬೇಕು. ಸುತ್ತು ಸಡಿಲಾದರೆ ನೂಲು ಸಿಕ್ಕಾಗುತ್ತದೆ, ಬಿಗಿಯಾದರೆ ಹರಿಯುತ್ತದೆ. ಶೇವಂತಕ್ಕನ ಕಂಡಿಕೆಯಲ್ಲಿ ಎರಡೂ ಆಗುತ್ತಿರಲಿಲ್ಲ. ಆ ವರ್ಷ ಜೋಳದ ರಾಶಿ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ರಾಟಿಯ ಮುಂದೆ ಕುಳಿತವಳ ಬಲಗೈ ತಾನಾಗಿ ನೆಲಕ್ಕೆ ಬಿತ್ತು. ಬಾಯಿ ಒಂದು ಕಡೆ ಜಗ್ಗಿತು. ಲಕ್ವ ಹೊಡೆದಿತ್ತು.

ಮಗ ಪರಮಾನಂದ ಬಸ್ಸಿನ ಕಂಡಕ್ಟರ್. ಬೆಳಗಾಗುವ ಮುಂಚೆ ಜಮಖಂಡಿಗೆ ಹೋದರೆ ಮುಧೋಳ, ಬೀಳಗಿ ತಿರುಗಿ ಸಂಜೆಗೆ ಬರುವವನು. ಸೊಸೆ ಮಾಲಾ ಚಿಮ್ಮಡದ ಅಂಗನವಾಡಿಯಲ್ಲಿ ಕಾರ್ಯಕರ್ತೆ. ನಡುವಿನ ಹೊತ್ತು ಮುದುಕಿಯನ್ನು ನೋಡುವವರು ಯಾರು ಎಂಬ ಮಾತು ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಬಾಗಿಲಲ್ಲಿ ನಿಂತಿದ್ದ ತಾರವ್ವ ಅಂದಳು:

"ನಾ ಇದ್ದೀನಲ್ಲೋ ಪರಮಾನಂದ. ನಾ ಏನು ಸತ್ತೀನೇನು?"

ಓಣಿಯ ಕೊನೆಯ ಖೋಲಿಯಲ್ಲಿ ಒಬ್ಬಳೇ ಇದ್ದ ಹೆಂಗಸು ತಾರವ್ವ. ಬಳಗದವಳಲ್ಲ, ಆದರೂ ಪರಮಾನಂದ, ಮಾಲಾ ಇಬ್ಬರೂ ಚಿಗವ್ವ ಎಂದೇ ಕರೆಯುತ್ತಿದ್ದರು. ಹುಟ್ಟಿದ್ದು, ಲಗ್ನವಾದದ್ದು, ಗಂಡನನ್ನು ಮಣ್ಣಿಗೆ ಇಟ್ಟದ್ದು ಎಲ್ಲ ಬೀಳಗಿ ತಾಲೂಕಿನಲ್ಲಿ, ಅನಗವಾಡಿಯ ಕಡೆ ಘಟಪ್ರಭೆಯ ದಂಡೆಯ ಒಂದು ಸಣ್ಣ ಕೇರಿಯಲ್ಲಿ. ಅಜ್ಜನ ಕಾಲದಿಂದಲೂ ಅವರದು ಕ್ರಿಸ್ತಸಭೆಯ ಮನೆತನ. ಕೇರಿಯವರೆಲ್ಲ ಸೇರಿ ಕಟ್ಟಿದ ಪ್ರಾರ್ಥನೆಯ ಮನೆ, ಅದರ ಹಿಂದೆ ಬೇವಿನ ಗಿಡ, ಗಿಡದ ಬುಡಕ್ಕೆ ಗಂಡ ಮುದಕಪ್ಪನ ಗೋರಿ. ಆಣೆಕಟ್ಟಿನ ಹಿನ್ನೀರು ಮೆಲ್ಲಗೆ ಬಂತು. ಮೊದಲ ವರ್ಷ ಹೊಲದ ಬದುವಿನ ತನಕ, ಮರುವರ್ಷ ಹಿತ್ತಿಲ ತನಕ. ಮನೆಗಳನ್ನು ಬಿಚ್ಚಿ ತೊಲೆ, ಬಾಗಿಲು ಎತ್ತಿನ ಗಾಡಿಗೆ ಹೇರಿದರು. ಗೋರಿಯನ್ನು ಹೇರಲಿಕ್ಕೆ ಬರುವುದಿಲ್ಲವಲ್ಲ. ಹೊಸ ಊರಿನಲ್ಲಿ ಯಾರಿಗೆ ಎಲ್ಲಿ ಜಾಗ ಬಂತೋ ಅಲ್ಲಿ ಹೋದರು. ಮೊದಲು ಗೋಡೆಗೆ ಗೋಡೆ ಹಚ್ಚಿ ಇದ್ದವರು ಈಗ ಕೂಗಿದರೂ ಕೇಳಿಸದಷ್ಟು ದೂರ. ಮಕ್ಕಳಿಲ್ಲದ ತಾರವ್ವ ಅಲ್ಲಿ ಒಂದು ಮಳೆಗಾಲ ಕಳೆದಳು. ಆಮೇಲೆ ಬನಹಟ್ಟಿಯ ಸಭೆಯವರು ಕಂಡಿಕೆಯ ಕೆಲಸ ಕೊಡಿಸುತ್ತೇವೆ ಎಂದಾಗ ಒಂದು ಗಂಟು ಹೊತ್ತು ಬಂದುಬಿಟ್ಟಳು. ಶೇವಂತಕ್ಕನ ಮನೆಯವರೂ ಅದೇ ಸಭೆಯವರು.

ಅವಳ ಖೋಲಿಯ ಆಚೆಗೆ ಪಾವರ್‌ಲೂಮಿನ ಶೆಡ್ಡು. ಹಗಲೆಲ್ಲ ಖಟಖಟ ಸದ್ದು. ಹೊಸದಾಗಿ ಬಂದವರಿಗೆ ತಲೆ ಸಿಡಿಯುತ್ತದೆ. ತಾರವ್ವನಿಗೆ ಆ ಸದ್ದೇ ನೆರೆಮನೆ. ಕರೆಂಟ್ ಹೋದರೆ ಮಗ್ಗಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ. ಆಗ ಓಣಿಯ ಹೆಂಗಸರು "ಹ್ಞಾ, ಕಿವಿಗೆ ಜೀವ ಬಂತು ನೋಡ" ಎಂದು ಕಟ್ಟೆಗೆ ಬಂದು ಕೂಡುತ್ತಾರೆ. ತಾರವ್ವ ಮಾತ್ರ ಬಾಗಿಲು ಮುಂದೆ ಮಾಡಿಕೊಂಡು, ಮುಚ್ಚಿದ ಖೋಲಿಯೊಳಗೆ ಕರೆಂಟ್ ಬರುವ ದಾರಿ ಕಾಯುತ್ತಿದ್ದಳು.

ಇಂಥವಳಿಗೆ ದಿನಾಲು ಹೋಗಲಿಕ್ಕೆ ಒಂದು ಮನೆ ಸಿಕ್ಕಿತು. ಮುಂಜಾನೆ ತನ್ನ ಕಂಡಿಕೆ ಸುತ್ತಿ ಮುಗಿಸಿ ಹೋದರೆ ಮಾಲಾ ಚಿಮ್ಮಡದಿಂದ ಬರುವ ತನಕ ಅಲ್ಲೇ. ಶೇವಂತಕ್ಕನಿಗೆ ಎಣ್ಣೆ ತಿಕ್ಕುವಳು, ನೀರು ಹಾಕುವಳು, ತಲೆ ಬಾಚುವಳು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತುತ್ತು ಮಾಡಿ ಬಾಯಿಗೆ ಇಡುವಳು.

"ಒಂದು ತುತ್ತಿಗೆ ಇಷ್ಟ್ಯಾಕ ಹಾಲು ಬೇ? ನಾ ಏನ್ ಕರಾ?" ಎನ್ನುವಳು ಶೇವಂತಕ್ಕ, ಸೊಟ್ಟ ಬಾಯಿಂದಲೇ.

"ಕರಾ ಆದ್ರ ಛಲೋ ಇತ್ತವಾ. ಕರಾ ಬೈಯೂದಿಲ್ಲ."

"ಕರಾ ಒದೀತೈತಿ. ಒಂದು ಕಾಲು ಇನ್ನೂ ಐತಿ ನನ್ನ ಕಡೆ, ನೆಪ್ಪಿರಲಿ."

ಇಬ್ಬರೂ ನಗುವರು. ನಗುವಾಗ ಶೇವಂತಕ್ಕನ ಬಾಯಿಂದ ಹಾಲು ಸೋರಿದರೆ ತಾರವ್ವ ತನ್ನ ಸೆರಗಿನಿಂದ ಒರೆಸುವಳು. ಮನೆಗೆ ಹೋಗುವಾಗ ಸೆರಗಿಗೆ ಹಾಲಿನ ವಾಸನೆ. ಎಷ್ಟೋ ವರ್ಷಗಳ ಮೇಲೆ ಅವಳ ಸೆರಗಿಗೆ ಬೇರೆ ಜೀವದ ವಾಸನೆ ಹತ್ತಿತ್ತು.

ಎರಡನೆಯ ತಿಂಗಳು ಪರಮಾನಂದ ತಾಯಿಯನ್ನು ಜಮಖಂಡಿಯ ಡಾಕ್ಟರರಿಗೆ ತೋರಿಸಿಕೊಂಡು ಬಂದ. ಬರುವಾಗ ಪ್ಯಾಟೆಯಲ್ಲಿ ಒಂದು ಬಡಿಗೆ ತಂದಿದ್ದ. ಹಿಡಿಕೆ ಬಾಗಿದ್ದು, ಕೆಳಗೆ ರಬ್ಬರ್ ಕೂಡಿಸಿದ್ದು.

"ಚಿಗವ್ವಾ, ಡಾಕ್ಟರ್ ಹೇಳ್ಯಾರ, ಇನ್ನ ಮ್ಯಾಲ ಆಕಿ ತಾನಽ ತಿನ್ಲಿ ಅಂತ. ಚೆಲ್ಲಿದ್ರ ಚೆಲ್ಲಲಿ. ಬಡಿಗಿ ಹಿಡದು ಬಾಗಿಲ ತನಕ ನಡೀಲಿ. ರಾಟಿ ಬರೇ ತಿರುವಿದ್ರೂ ಸಾಕಂತ. ಈಗ ಬಿಟ್ರ ಬೆರಳು ಹಂಗಽ ಗಟ್ಟಿ ಆಗ್ತಾವಂತ."

"ಆತು ಬಿಡೋ. ನನಗ ಬಿಡು ಅದನ್ನ" ಅಂದಳು ತಾರವ್ವ. ಬಡಿಗೆಯನ್ನು ಗೂಟಕ್ಕೆ ಹಾಕಿದ್ದು ಆ ದಿನವೇ.

ಅವಳು ಒಂದು ದಿನವೂ ಡಾಕ್ಟರರ ಮಾತು ಮಾಡಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾಡಿಸಿದಳು. ಶೇವಂತಕ್ಕ ನಡುಗುವ ಕೈಯಿಂದ ತುತ್ತು ಎತ್ತಿದಳು, ಅದು ಎದೆಯ ಮೇಲೆ ಬಿತ್ತು. "ನೋಡ, ಸೀರಿ ಹೊಲಸಾತು. ಇನ್ನೂ ಜೀವ ಇಲ್ಲ ಅದರಾಗ. ಬಿಡ, ಆಮ್ಯಾಲ ಮಾಡೂಣಂತ" ಎಂದು ತುತ್ತನ್ನು ತಾನೇ ತೆಗೆದುಕೊಂಡಳು. ಇನ್ನೊಂದು ದಿನ ಶೇವಂತಕ್ಕ ಗೋಡೆ ಹಿಡಿದು ಏಳಲಿಕ್ಕೆ ನೋಡಿದಳು. "ಬ್ಯಾಡ ಬ್ಯಾಡ, ಬಿದ್ದೀ! ಸೊಂಟ ಮುರಿದ್ರ ಪರಮಾನಂದಗ ನಾ ಏನ್ ಹೇಳ್ಲಿ?" ಎಂದು ಬಗಲಲ್ಲಿ ಕೈ ಹಾಕಿ ಕೂಡಿಸಿದಳು. ಬೈದಳು ಕೂಡ. ಪ್ರೀತಿಯ ಬೈಗುಳ. ಕೇಳಿದವರಿಗೆ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ.

ತಪ್ಪು ಕಾಣುವುದಿರಲಿ, ಹೆಸರು ಬಂತು. ಸಭಾಪಾಲಕರಾದ ಗುರುಪಾದಪ್ಪನವರು ಒಂದು ಆದಿತ್ಯವಾರ ವಾಕ್ಯ ವಿವರಿಸುವ ಪ್ರಸಂಗದ ನಡುವೆಯೇ ಅಂದರು: "ಪ್ರೀತಿ ಅಂದರೆ ಏನು ಅಂತ ದೂರ ಹುಡುಕಬೇಡಿರಿ. ನಮ್ಮ ತಾರವ್ವನವರನ್ನು ನೋಡಿರಿ. ಯಾವ ಆಸೆಯೂ ಇಲ್ಲದ ಸೇವೆ." ಜಮಖಾನೆಯ ಮೇಲೆ ಕುಳಿತ ಹೆಂಗಸರೆಲ್ಲ ಹೊರಳಿ ನೋಡಿದರು. ತಾರವ್ವ ತಲೆ ಬಗ್ಗಿಸಿ ಸೆರಗು ಎಳೆದುಕೊಂಡಳು. ಒಳಗೆ ಬೆಚ್ಚಗಾಯಿತು. ದಿನಾಲು ದೀಪ ಹಚ್ಚುವ ಹೊತ್ತಿಗೆ ಮೊಣಕಾಲೂರಿ ಅವಳು ಮಾಡುವ ಪ್ರಾರ್ಥನೆಯಲ್ಲಿ ಮೊದಲ ಮಾತು ಇದೇ ಆಗಿತ್ತು: ಸ್ವಾಮೀ, ಶೇವಂತಕ್ಕನ ಕೈಗೆ ಜೀವ ಕೊಡು.

ಮಳೆಗಾಲ ಬಂತು. ಶೇವಂತಕ್ಕನ ಬಾಯಿ ತಿರುಗಿ ನೆಟ್ಟಗಾಯಿತು. ಕೈ ಮಾತ್ರ ಮಡಿಲಲ್ಲಿ ಸತ್ತ ಹಕ್ಕಿಯ ಹಾಗೆ ಬಿದ್ದಿರುತ್ತಿತ್ತು. ತಾರವ್ವ ಇರುವಷ್ಟು ಹೊತ್ತು.

ಒಂದು ದಿನ ಸಾವ್ಕಾರರ ಕಡೆಯಿಂದ ನೂಲಿನ ಲಡಿ ಬರಲಿಲ್ಲ. ಸುತ್ತಲಿಕ್ಕೆ ಕೆಲಸವಿಲ್ಲದೆ ತಾರವ್ವ ಬೇಗ ಹೊರಟಳು. ಮಾಲಾ ಆಗಷ್ಟೇ ಚಿಮ್ಮಡದ ಆಟೋ ಹತ್ತಿ ಹೋಗಿದ್ದಳು. ಬಾಗಿಲು ಮುಂದೆ ಮಾಡಿತ್ತು. ಒಳಗಿನಿಂದ ರಾಟಿಯ ಕಿರ್ ಕಿರ್ ಸದ್ದು. ನಿಂತು, ತಿರುಗಿ, ಮತ್ತೆ ನಿಂತು. ತಾರವ್ವ ಬಾಗಿಲು ದೂಡಿದಳು. ಶೇವಂತಕ್ಕ ಹಾಸಿಗೆಯ ಮೇಲೆ ಕುಳಿತಿದ್ದಳು, ಕೌದಿ ಎದೆಯ ತನಕ ಎಳೆದುಕೊಂಡು, ಉಸಿರು ಜೋರು. ರಾಟಿ ಪಕ್ಕದಲ್ಲಿತ್ತು. ಗಾಲಿ ಇನ್ನೂ ತಿರುಗುತ್ತಿತ್ತು.

"ಇಷ್ಟ್ ಲಗೂ ಬಂದೀ?" ಅಂದಳು ಶೇವಂತಕ್ಕ.

"ಲಡಿ ಬರಲಿಲ್ಲ. ನಿನ್ನ ಬೆರಳಿಗೆ ಏನ ಬೇ ಅದು, ಕೆಂಪಗ?"

ಶೇವಂತಕ್ಕ ಬಲಗೈಯನ್ನು ಕೌದಿಯೊಳಗೆ ಹಾಕಿಕೊಂಡಳು. "ಎಲಿ ಅಡಿಕಿ ಹಾಕ್ಕೊಂಡಿದ್ದೆ."

"ಯಾರ ಕೊಟ್ರು?"

"ಮಾಲಾ."

"ಮಾಲಾಗ ಎಲಿ ವಾಸನಿ ಬಂದ್ರ ವಾಂತಿ ಆಗ್ತೈತಿ. ಬಾಯಿ ತಗಿ ನೋಡೂಣು."

ಶೇವಂತಕ್ಕ ಬಾಯಿ ತೆಗೆಯಲಿಲ್ಲ. ಕೌದಿಯ ಅಂಚಿನಿಂದ ಒಂದು ಕಂಡಿಕೆ ಉರುಳಿ ಬಂತು. ಅದರ ಹಿಂದೆ ಇನ್ನೊಂದು. ಕೆಂಪು ನೂಲು, ಒಂದು ಕಡೆ ಗಂಟು ಗಂಟಾಗಿ, ಒಂದು ಕಡೆ ಬೋಳಾಗಿ, ಹೊಸದಾಗಿ ಕಲಿಯುವ ಹುಡುಗಿಯರು ಸುತ್ತುವ ಹಾಗೆ. ಸುತ್ತುತ್ತ ನಡುಗಿದ ಕೈ ಅದರಲ್ಲಿ ಕಾಣುತ್ತಿತ್ತು. ಬೆರಳಿನ ಕೆಂಪು ನೂಲಿನ ಬಣ್ಣ.

ತಾರವ್ವ ಅವನ್ನು ಎತ್ತಿಕೊಂಡಳು. ಬಹಳ ಹೊತ್ತು ನೋಡಿದಳು.

"ಯಾವಾಗಿನಿಂದ ಸುತ್ತಾಕತ್ತೀದಿ?"

"ಆದಾವು ನಾಕೈದು ವಾರ. ಮಾಲಾ ಹೋದ ಮ್ಯಾಲ, ನೀ ಬರೂ ಮುಂದ, ಒಂದೀಟು."

"ಮುಚ್ಚಿಡೂದು ಯಾಕ?"

ಶೇವಂತಕ್ಕ ತಲೆ ಬಗ್ಗಿಸಿದಳು. ಬೆಲ್ಲ ಕದ್ದು ತಿಂದು ಸಿಕ್ಕ ಹುಡುಗಿಯ ಮುಖ.

"ನೀ ಬೈತೀ ಅಂತ."

ತಾರವ್ವ ನಕ್ಕಳು. ನಗಲೇಬೇಕಾಗಿತ್ತು. ಆದರೆ ಒಳಗೆ ಏನೋ ದಸಕ್ಕೆಂದು ಕುಸಿಯಿತು. ಹಿನ್ನೀರಿನಲ್ಲಿ ನೆನೆದು ನೆನೆದು ಮಣ್ಣಿನ ಗೋಡೆ ನೆಲಕ್ಕೆ ಕೂತುಬಿಡುತ್ತದಲ್ಲ, ಹಾಗೆ. ಕೈಗೆ ಜೀವ ಬಂದಿತ್ತು. ದಿನಾಲು ಬೇಡಿದ್ದು ಕೈಗೂಡಿತ್ತು. ಹಿಗ್ಗು ಆಗಬೇಕಾಗಿದ್ದ ಜಾಗದಲ್ಲಿ ಹೆದರಿಕೆ ಬಂದು ಕುಳಿತಿತ್ತು.

"ಸಾಕ ಬಿಡ ಇವತ್ತಿಗೆ. ಕೈ ನೋಯ್ತೈತಿ" ಅಂದಳು. ರಾಟಿಯನ್ನು ಎತ್ತಿ ಮೂಲೆಗೆ ಇಟ್ಟಳು.

ಆ ಸಂಜೆ ಖೋಲಿಯಲ್ಲಿ ದೀಪ ಹಚ್ಚಿ ಮೊಣಕಾಲೂರಿದಳು. ಸ್ವಾಮೀ, ಶೇವಂತಕ್ಕನ ಕೈಗೆ ಎಂದಳು. ಮುಂದಿನ ಮಾತು ಬರಲಿಲ್ಲ. ಜೀವ ಕೊಡು ಎನ್ನಲಿಕ್ಕೆ ಬಾಯಿ ಬರಲಿಲ್ಲ. ಕೊಡಬೇಡ ಎನ್ನಲಿಕ್ಕೆ ಧೈರ್ಯವಿರಲಿಲ್ಲ. ಇಷ್ಟು ತಿಂಗಳು ತಾನು ಬೇಡಿದ್ದು ಯಾವುದು? ಬಾಯಿ ಒಂದು ಬೇಡಿತ್ತು, ಕೈ ಒಂದು ಮಾಡಿತ್ತು. ಬಾಗಿಲ ಮೇಲಿನ ಗೂಟ ಕಣ್ಣ ಮುಂದೆ ಬಂತು. ಆ ಮನೆಯಲ್ಲಿ ಸಣ್ಣ ಮಕ್ಕಳಿಲ್ಲ ಎಂದು ಅವಳಿಗೆ ಹೊಳೆದದ್ದು ಆಗ.

ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ತಿಂಗಳ ಮೊದಲ ಆದಿತ್ಯವಾರ ಕರ್ತನ ಭೋಜನ. ದ್ರಾಕ್ಷಾರಸದ ಹಿತ್ತಾಳೆಯ ಪಾತ್ರೆಯನ್ನು ಪಾಲಕರು ಒಬ್ಬೊಬ್ಬರ ಬಾಯಿಗೆ ಹಿಡಿಯುವುದಿಲ್ಲ. ಅದು ಜಮಖಾನೆಯ ಸಾಲಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಹಿಂದಿನ ದಿನ, ಶನಿವಾರ, ಯಾರಿಗೆ ಯಾರ ಮೇಲೆ ಮುನಿಸಿದೆಯೋ, ಯಾರಿಂದ ಯಾರಿಗೆ ತಪ್ಪಾಗಿದೆಯೋ ಅವರ ಮನೆಗೆ ಹೋಗಿ ಹೇಳಿಕೊಳ್ಳಬೇಕು. ಆ ಮನೆಯವರು ಕುಡಿಯಲಿಕ್ಕೆ ನೀರು ಕೊಟ್ಟರೆ ಸಮಾಧಾನ ಆಯಿತು ಎಂದರ್ಥ. ಹಾಗೆ ಮಾಡದವರು ಪಾತ್ರೆ ಬಂದಾಗ ಕುಡಿಯದೆ ಮುಂದಿನವರಿಗೆ ದಾಟಿಸುತ್ತಾರೆ. ದಾಟಿಸಿದ್ದನ್ನು ಎಲ್ಲರೂ ನೋಡುತ್ತಾರೆ.

ಆ ತಿಂಗಳು ತಾರವ್ವ ಪಾತ್ರೆ ದಾಟಿಸಿದಳು.

ಹೊರಗೆ ಚಪ್ಪಲಿ ಮೆಟ್ಟುವಾಗ ಹೆಂಗಸರು ಸುತ್ತುಗಟ್ಟಿದರು. "ಏನಾತವ್ವಾ? ಯಾರ ಮ್ಯಾಲ ಸಿಟ್ಟು? ನಿನ್ನ ಜೋಡಿ ಯಾರು ಜಗಳಾಡ್ಯಾರ ಹೇಳ್, ನಾವು ನೋಡ್ತೀವಿ." ತಾರವ್ವ ಅವರ ನಡುವಿನಿಂದ ದಾರಿ ಮಾಡಿಕೊಂಡು ಹೊರಟುಬಿಟ್ಟಳು. ಮಧ್ಯಾಹ್ನ ಗುರುಪಾದಪ್ಪನವರು ಖೋಲಿಗೇ ಬಂದರು. ಅವಳು ಚಾಪೆ ಹಾಸಿ ನೀರು ಕೊಟ್ಟಳು.

"ಏನ್ರಿ ತಾರವ್ವಾರ, ಮನಸ್ಸಿನ್ಯಾಗ ಏನೈತಿ?"

"ಅಯ್ಯನೋರ, ಶೇವಂತಕ್ಕ ಛಲೋ ಆಗೂದು ನನಗ ಬ್ಯಾಡಾಗೇತ್ರಿ."

ಅವರು ತಂಬಿಗೆ ಕೆಳಗಿಟ್ಟರು. "ಹಂಗಂದ್ರ?"

"ಆಕಿ ಎದ್ದು ನಡದಾಡಿದ್ರ ನಾ ಎಲ್ಲಿಗಿ ಹೋಗ್ಲಿರಿ? ಆಕಿ ಬೀಳ್ತಾಳಂತ ಅಲ್ಲ ನಾ ಹಿಡಕೊಂಡಿದ್ದು. ಏಳ್ತಾಳಂತ ಹಿಡಕೊಂಡಿದ್ದು. ನೀವು ಪ್ರಸಂಗದಾಗ ನನ್ನ ಹೆಸರ ಹೇಳಿದ್ರೆಲ್ಲ, ಅದು ಖರೆ ಅಲ್ರಿ."

ಗುರುಪಾದಪ್ಪನವರು ಒಳ್ಳೆಯ ಮನುಷ್ಯ. ಒಳ್ಳೆಯವರಾದ್ದರಿಂದಲೇ ಲಗೂನ ಸಮಾಧಾನ ಹೇಳಿದರು. "ಅದು ಸೈತಾನ ತರೂ ವಿಚಾರರೀ. ಸೇವಾ ಮಾಡೂವರಿಗೇ ಅಂವ ಹಿಂಗ ಕಾಡ್ತಾನ. ನಿಮ್ಮ ಮನಸ್ಸು ಎಷ್ಟು ಮೆತ್ತಗೈತಿ ನೋಡ್ರಿ, ಇಷ್ಟಕ್ಕ ಪಾತ್ರಿ ದಾಟಿಸಿದ್ರಿ!" ಪ್ರಾರ್ಥನೆ ಮಾಡಿ ಹೋದರು. ಮರುವಾರ ಸಭೆಯಲ್ಲಿ ಮಾತು ಬೇರೆಯಾಗಿತ್ತು. ತಾರವ್ವನ ದೀನತೆ ನೋಡ್ರಿ, ತನ್ನ ನೆಳ್ಳಿಗೂ ತಾನು ಅಂಜತಾಳ, ಎಂದು ಹೆಂಗಸರು ಮಾತಾಡಿಕೊಂಡರು. ಅದು ಅವಳ ಕಿವಿಗೆ ಬಿತ್ತು. ಬಿದ್ದಾಗ ಒಳಗೆ ಮತ್ತೆ ಅದೇ ಬೆಚ್ಚಗಿನ ಹಿತ. ತಾರವ್ವನಿಗೆ ಅಸಹ್ಯವಾಯಿತು. ಕುಡಿಯದೆ ದಾಟಿಸಿದ ಪಾತ್ರೆಯಿಂದಲೂ ತಾನು ಒಂದು ಗುಟುಕು ಕುಡಿದುಬಿಟ್ಟೆ ಅನ್ನಿಸಿತು.

ಈ ಮಾತನ್ನು ಕೇಳಬೇಕಾದವರು ಪಾಲಕರಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ವಾರ ಕಳೆದಳು. ಹೇಳಿದರೆ ಆ ಮನೆಯ ಬಾಗಿಲು ಮುಚ್ಚಬಹುದು. ಅವಳಿಗೆ ಇದ್ದದ್ದು ಆ ಒಂದೇ ಬಾಗಿಲು. ದಿನಾಲು ಹೋದಳು, ಎಣ್ಣೆ ತಿಕ್ಕಿದಳು, ತುತ್ತು ಮಾಡಿ ಇಟ್ಟಳು. ಈಗ ಇಬ್ಬರಿಗೂ ಗೊತ್ತಿತ್ತು, ಆ ಕೈ ತುತ್ತು ಎತ್ತಬಲ್ಲದು ಎಂದು. ಶೇವಂತಕ್ಕ ಸುಮ್ಮನೆ ಬಾಯಿ ತೆರೆಯುವಳು. ಹಾಲಿನ ಚೇಷ್ಟೆಯಿಲ್ಲ, ಕರುವಿನ ಮಾತಿಲ್ಲ.

ತಿಂಗಳ ಕೊನೆಯ ಶನಿವಾರ ತಾರವ್ವ ಹೋದವಳೇ ಸ್ಟೂಲು ಹಾಕಿ ಏರಿ ಬಾಗಿಲ ಮೇಲಿನ ಗೂಟದಿಂದ ಬಡಿಗೆ ಇಳಿಸಿದಳು. ದೂಳು ಒರೆಸಿ ಶೇವಂತಕ್ಕನ ಮುಂದೆ ಇಟ್ಟಳು.

"ಇದೇನ ಬೇ, ಇವತ್ತ?"

"ಇದನ್ನ ಅಲ್ಲಿ ನಾನಽ ಹಾಕಿದ್ದೆ, ನಿನಗ ಸಿಗಬಾರದಂತ."

ಶೇವಂತಕ್ಕ ನಕ್ಕಳು. "ಹುಡುಗ್ರು ಎಳೀತಾವಂತ ಹಾಕಿದ್ದೀ ಅಲ್ಲ?"

"ಯಾವ ಹುಡುಗ್ರು, ಅಕ್ಕಾ? ಈ ಮನ್ಯಾಗ ಹುಡುಗ್ರ ಎಲ್ಲ್ಯಾವು?"

ನಗು ಅಲ್ಲೇ ನಿಂತಿತು. ತಾರವ್ವ ಎಲ್ಲವನ್ನೂ ಹೇಳಿದಳು. ಅಳಲಿಲ್ಲ, ಅತ್ತರೆ ಶೇವಂತಕ್ಕ ಸಮಾಧಾನ ಮಾಡುತ್ತಾಳೆ, ಹಾಗಾಗಬಾರದು ಎಂದು ಗಟ್ಟಿಯಾಗಿ ಹಲ್ಲು ಹಿಡಿದು ಹೇಳಿದಳು. ಡಾಕ್ಟರರ ಮಾತು ಮಾಡಿಸದೆ ಬಿಟ್ಟದ್ದು. ತುತ್ತು ಚೆಲ್ಲಿದಾಗ ಒಳಗೊಳಗೇ ಹಗುರಾದದ್ದು. ರಾಟಿಯನ್ನು ಮೂಲೆಗೆ ಇಟ್ಟದ್ದು. ಒಬ್ಬಳೇ ಖೋಲಿಯಲ್ಲಿ ಕೂಡಲಾರದೆ ಇದನ್ನೆಲ್ಲ ಮಾಡಿದ್ದು.

ಶೇವಂತಕ್ಕ ಬಲಗೈಯನ್ನು ಮುಂದೆ ಚಾಚಿದಳು. ಮೂರು ಬೆರಳು ಬಿಚ್ಚಿದವು. ಕಿರುಬೆರಳು, ಅದರ ಪಕ್ಕದ್ದು ಬಿಚ್ಚಲಿಲ್ಲ.

"ಇವೆರಡು ಇನ್ನ ಬರೂದಿಲ್ಲಂತ. ಹೋದ ವಾರ ಡಾಕ್ಟರ್ ಅಂದ್ರು. ಲಗೂ ಹಚ್ಚಬೇಕಾಗಿತ್ತು, ಯಾಕ ಬಿಟ್ರಿ, ಅಂದ್ರು. ಪರಮಾನಂದ ಸುಮ್ಮ ನಿಂತಿದ್ದ. ಚಿಗವ್ವ ಮಾಡಸತಾಳ ಅಂತ ಅಂವ ನಂಬಿದ್ದ." ಉಸಿರು ತೆಗೆದುಕೊಂಡಳು. "ತಪ್ಪು ನಂದಽ, ನಾನಽ ಸುಸ್ತಿ ಮಾಡೀನಿ ಅಂತ ತಿಳದಿದ್ದೆ. ಮ್ಯಾಲ ನಿನಗ ಅಂಜಿ, ನನ್ನ ಮನ್ಯಾಗ ನಾನಽ ಕಳವಿಲೆ ರಾಟಿ ತಿರುವಿದ್ನೆಲ್ಲ ಬೇ. ನನ್ನ ಕೈ ಅದು. ನಿನ್ನ ಆಟಿಗಿ ಸಾಮಾನಲ್ಲ."

"ಖರೆ, ಅಕ್ಕಾ."

"ಹೋಗ ಮನೀಗಿ."

ತಾರವ್ವ ಎದ್ದಳು. ಬಾಗಿಲ ಹತ್ತಿರ ನೀರಿನ ಕೊಡವಿತ್ತು, ಮೇಲೆ ತಂಬಿಗೆ ಬೋರಲು. ಒಂದು ಗಳಿಗೆ ನಿಂತಳು. ಶೇವಂತಕ್ಕ ಗೋಡೆಯ ಕಡೆ ಮುಖ ಮಾಡಿದ್ದಳು. ನೀರು ಕೊಡಲಿಲ್ಲ.

ಆಮೇಲಿನ ದಿನಗಳು ಬಹಳ ಉದ್ದವಾದವು. ತಾರವ್ವ ಕಂಡಿಕೆ ಸುತ್ತುವಳು, ಒಲೆ ಹಚ್ಚುವಳು, ಒಂದು ರೊಟ್ಟಿ ಬಡಿಯುವಳು, ಅದರಲ್ಲಿ ಅರ್ಧ ಉಳಿಯುವುದು. ಕೈ ಕೆಲಸ ಮಾಡುತ್ತಿರುವಾಗ ಮನಸ್ಸು ತನ್ನನ್ನೇ ಕೆದಕುತ್ತಿತ್ತು. ಹೇಳಿದ್ದಾದರೂ ಯಾಕೆ? ಶೇವಂತಕ್ಕ ಕೈ ಹಿಡಿದು, ಇರಲಿ ಬಿಡ ಬೇ, ನೀನಾದರೂ ಏನು ಮಾಡ್ತಿ ಎಂದಾಳು ಎಂಬ ಆಸೆ ಆ ಹೇಳುವುದರ ತಳದಲ್ಲಿ ಇತ್ತೇ? ಇತ್ತು. ಸುಳ್ಳು ಹೇಳಿ ಏನು ಮಾಡುವುದು, ಇತ್ತು. ಗಾದಿಯ ಹತ್ತಿ ಬಿಡಿಸಿದ ಹಾಗೆ ಒಂದು ಪದರ ತೆಗೆದರೆ ಕೆಳಗೆ ಇನ್ನೊಂದು. ಆದರೂ ಹೇಳಿದ ಮಾತು ಖರೆಯಾಗಿತ್ತು. ಅಷ್ಟನ್ನೇ ಹಿಡಿದುಕೊಂಡಳು.

ಸಭೆಯ ಹೆಂಗಸರು ಬಿಡಲಿಲ್ಲ. ಮುದಕವ್ವ ಎಂಬ ಹಿರಿಯಳು ಬಾಗಿಲಿಗೇ ಬಂದು ಅಂದಳು: "ಇನ್ನೊಮ್ಮೆ ಹೋಗಿ ಕಾಲ ಹಿಡಿಯಾ. ಆಕಿದೇನು ಕಲ್ಲಿನ ಎದಿ ಅಲ್ಲ."

"ಹೋದ್ರ ಆಕೀ ಸಲುವಾಗಿ ಹೋದಂಗ ಆಗೂದಿಲ್ಲ ಯವ್ವಾ. ನನ್ನ ಸಲುವಾಗಿ ಹೋದಂಗ ಆಗ್ತೈತಿ."

"ಇದೇನ ಒಗಟು ಮಾತಾಡ್ತೀ? ಹಿಂಗಾದ್ರ ಒಬ್ಬಾಕೀನಽ ಕುಂತು ಸಾಯ್ತಿ ನೋಡ."

"ಹೌದ್ರೀ ಯವ್ವಾ" ಅಂದಳು ತಾರವ್ವ.

ದಾರಿಯಲ್ಲಿ ಒಮ್ಮೆ ಮಾಲಾ ಸಿಕ್ಕಳು. ಮೊದಲಿನ ಹಾಗೆ ಚಿಗವ್ವ ಎನ್ನಲಿಲ್ಲ, ಹಾಗಂತ ಮುಖವನ್ನೂ ತಿರುವಲಿಲ್ಲ. "ಅತ್ತಿ ಬಾಗಿಲ ತನಕ ನಡೀತಾಳ್ರಿ. ಕಟ್ಟೀ ಮ್ಯಾಲ ಕೂಡ್ತಾಳ" ಎಂದು ಹೇಳಿ ಆಟೋ ಹತ್ತಿದಳು. ಆ ಸಂಜೆ ತಾರವ್ವ ದೀಪ ಹಚ್ಚಿ ಮೊಣಕಾಲೂರಿದಾಗ, ಅರ್ಧಕ್ಕೆ ನಿಂತಿದ್ದ ಮಾತು ಕಡೆಗೂ ಹೊರಬಂತು. ಸ್ವಾಮೀ, ಶೇವಂತಕ್ಕನ ಕೈಗೆ ಜೀವ ಕೊಡು. ಆ ಕೈಯಿಂದ ಈಗ ಅವಳಿಗೆ ಏನೂ ಬರುವುದಿರಲಿಲ್ಲ. ಅದಕ್ಕೇ ಇರಬೇಕು, ಮಾತು ಎಲ್ಲಿಯೂ ತಡೆಯದೆ ಕೊನೆಯ ತನಕ ಹೋಯಿತು.

ಚಳಿ ಶುರುವಾದ ತಿಂಗಳ ಮೊದಲ ಆದಿತ್ಯವಾರ. ಕೀರ್ತನೆ ನಡೆದಿತ್ತು. ತಾರವ್ವ ಎಂದಿನಂತೆ ಕೊನೆಯ ಸಾಲಿನಲ್ಲಿ, ಗೋಡೆಗೆ ಹತ್ತಿ ಕುಳಿತಿದ್ದಳು. ಹೊರಗೆ ಕಲ್ಲಿನ ಮೆಟ್ಟಿಲ ಮೇಲೆ ಟಕ್ ಎಂದಿತು. ಸ್ವಲ್ಪ ತಡೆದು ಇನ್ನೊಂದು ಟಕ್. ಎಲ್ಲರೂ ಹಾಡುತ್ತಲೇ ಹೊರಳಿದರು. ಶೇವಂತಕ್ಕ ಬಡಿಗೆ ಊರಿಕೊಂಡು ಒಳಗೆ ಬಂದಳು. ಹಿಂದೆ ಪರಮಾನಂದ, ಕೈ ಚಾಚಿಯೂ ಮುಟ್ಟದೆ. ಹೆಂಗಸರು ಸರಿದು ಮುಂದೆ ಜಾಗ ಮಾಡಿದರು. ಶೇವಂತಕ್ಕ ಅಲ್ಲಿ ಕೂಡಲಿಲ್ಲ. ಕೊನೆಯ ಸಾಲಿಗೆ ಬಂದು, ಗೋಡೆ ಹಿಡಿದು ಕೂಡಲಿಕ್ಕೆ ಅನುಕೂಲ ಎಂದೋ ಏನೋ, ತಾರವ್ವನ ಪಕ್ಕದಲ್ಲಿ ನಡುವೆ ಒಂದು ಗೇಣು ಬಿಟ್ಟು ಕುಳಿತಳು. ಮುಖ ನೋಡಲಿಲ್ಲ.

"ನಿಮ್ಮ ನಿಮ್ಮ ಒಳಗೆ ನೀವೇ ನೋಡಿಕೊಳ್ಳಿರಿ" ಎಂದರು ಪಾಲಕರು. ಎಲ್ಲ ಸುಮ್ಮನಾಯಿತು. ತಾರವ್ವ ನೋಡಿಕೊಂಡಳು. ಪಕ್ಕದ ಸೆರಗಿನ ಸದ್ದಿಗೆ ಹಿಗ್ಗುವ ಎದೆ ಇತ್ತು ಅಲ್ಲಿ, ಅದು ಸಾಯುವಂಥದ್ದಲ್ಲ. ಪಾತ್ರೆ ಬಂದರೆ ದಾಟಿಸುವುದು ಎಂದು ಗಟ್ಟಿ ಮಾಡಿಕೊಂಡಳು. ನೀರು ಸಿಕ್ಕಿರಲಿಲ್ಲವಲ್ಲ.

ಪಾತ್ರೆ ಸಾಲಿನಲ್ಲಿ ಬಂತು. ಶೇವಂತಕ್ಕ ಅದನ್ನು ಎಡಗೈಯಿಂದ ತೆಗೆದುಕೊಂಡು ಕುಡಿದಳು. ಆಮೇಲೆ ನಿಧಾನವಾಗಿ ಬಲಗೈಗೆ ಬದಲಿಸಿದಳು. ಮೂರು ಬೆರಳು ಹಿತ್ತಾಳೆಯನ್ನು ಸುತ್ತಿದವು, ಎರಡು ಮಡಚಿಕೊಂಡೇ ಉಳಿದವು. ಆ ಕೈಯನ್ನು ತಾರವ್ವನ ಕಡೆ ಚಾಚಿದಳು. ಪಾತ್ರೆ ನಡುಗಿತು, ಒಳಗಿನ ರಸ ಅಂಚಿಗೆ ಬಂದು ಹಿಂದೆ ಹೋಯಿತು.

ತಾರವ್ವನ ಕೈ ರೂಢಿಯಂತೆ ಎದ್ದಿತು, ಆ ಮಣಿಕಟ್ಟಿನ ಕೆಳಗೆ ಆಸರೆ ಕೊಡಲಿಕ್ಕೆ. ಅರ್ಧಕ್ಕೆ ನಿಂತಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಕಾದಳು. ಗೇಣಿನ ಹಾದಿಯನ್ನು ಆ ಕೈ ತಾನೇ ದಾಟಬೇಕಾಗಿತ್ತು. ಒಂದು ಹನಿ ಜಮಖಾನೆಯ ಮೇಲೆ ಬಿತ್ತು, ಇನ್ನೊಂದು ತಾರವ್ವನ ಸೀರೆಗೆ. ಮುಂದಿನ ಸಾಲಿನ ಮುದಕವ್ವ ತಾಳಲಾರದೆ "ಯವ್ವಾ, ಹಿಡಿಯಾ" ಎಂದು ಪಿಸುಗುಟ್ಟಿದಳು. ತಾರವ್ವ ಹಿಡಿಯಲಿಲ್ಲ.

ಪಾತ್ರೆ ಬಂದು ಅವಳ ಎದುರಿಗೆ ನಿಂತಿತು.

"ತಗೋ" ಅಂದಳು ಶೇವಂತಕ್ಕ, ಮುಂದೆ ನೋಡುತ್ತಲೇ. "ಮನ್ಯಾಗ ನೀರು ಕೊಟ್ಟಿಲ್ಲ ಅಂತ ನೆಪ್ಪೈತಿ ನನಗ. ತಗೋ."

ತಾರವ್ವ ಎರಡೂ ಕೈಯಿಂದ ತೆಗೆದುಕೊಂಡು ಕುಡಿದಳು.

ಸಭೆ ಮುಗಿದ ಮೇಲೆ ಹೆಂಗಸರೆಲ್ಲ ಶೇವಂತಕ್ಕನ ಸುತ್ತ ನೆರೆದರು. ತಾರವ್ವ ಕಡೆಗೆ ಹೊರಬಂದು ಚಪ್ಪಲಿ ಮೆಟ್ಟಿದಳು. ಶೇವಂತಕ್ಕ ತನ್ನ ಮನೆಯ ಕಡೆ ಹೊರಟಿದ್ದಳು. ನಾಳೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ತಾರವ್ವನೂ ಕೇಳಲಿಲ್ಲ. ಖೋಲಿಗೆ ಬಂದು ಬಾಗಿಲು ತೆರೆಯುವ ಹೊತ್ತಿಗೆ ಕರೆಂಟ್ ಹೋಯಿತು. ಪಾವರ್‌ಲೂಮುಗಳು ಒಮ್ಮೆಗೇ ನಿಂತವು. ಅವಳು ಬಾಗಿಲು ಮುಂದೆ ಮಾಡಲಿಲ್ಲ. ಹೊಸ್ತಿಲಲ್ಲಿ ನಿಂತು ಕೇಳಿದಳು. ಸುಮ್ಮನಾದ ಓಣಿಯ ಆಚೆ ಕೊನೆಯಲ್ಲಿ ಬಡಿಗೆಯ ಸದ್ದು, ಒಂದು ಟಕ್, ತಡೆದು ಇನ್ನೊಂದು, ದೂರ ದೂರ ಹೋಗುತ್ತಿತ್ತು. ಅದು ಕೇಳಿಸುವಷ್ಟು ಹೊತ್ತು ಅಲ್ಲೇ ನಿಂತಿದ್ದಳು.